ಒಂದಡಿ ಸರಿದ ದೀಪ

ದೀಪದ ಸ್ಟ್ಯಾಂಡಿನ ಮೂರು ಕಾಲುಗಳಿಗೆಂದು ನೆಲದ ಮೇಲೆ ಮೂರು ಬಿಳಿ ಪಟ್ಟಿ ಅಂಟಿಸಿ ಹನ್ನೊಂದು ವರ್ಷವಾಗಿತ್ತು. ಕುರ್ಚಿಗೆ ನಾಲ್ಕು ಪಟ್ಟಿ, ಟ್ರೈಪಾಡಿಗೆ ಮೂರು. ನೆಲ ಒರೆಸುವವಳಿಗೂ ಅವನ್ನು ಮುಟ್ಟಕೂಡದೆಂದು ತಾಕೀತು. ಅವಳು ಪಟ್ಟಿಗಳ ಸುತ್ತ ಬಟ್ಟೆ ಎಳೆದು ಮನಸ್ಸಿನಲ್ಲೇ ಬೈದುಕೊಂಡು ಹೋಗುತ್ತಿದ್ದಳು. ಯಾವ ಹೊಸ ಕ್ಯಾಮೆರಾ ಬಂದರೂ, ಅದರ ಕಂಪನಿಯವರು ಎಷ್ಟೇ ಬಡಾಯಿ ಕೊಚ್ಚಿಕೊಂಡರೂ, ಈ ಕೋಣೆಯಲ್ಲಿ ಅದು ಅದೇ ಬೆಳಕಿನಲ್ಲಿ, ಅದೇ ದೂರದಿಂದ, ಅದೇ ಕುರ್ಚಿಯಲ್ಲಿ ಕೂತ ಅದೇ ಮುಖವನ್ನು ನೋಡಬೇಕು. ಆಗಲೇ ಒಂದನ್ನು ಇನ್ನೊಂದರ ಪಕ್ಕಕ್ಕಿಟ್ಟು ಯಾವುದು ವಾಸಿ ಎನ್ನಲು ಬರುವುದು. ಆ ಪಟ್ಟಿಗಳನ್ನು ಅಂಟಿಸಿದವಳೇ ಇವತ್ತು ಯಾರೂ ಬರುವುದಕ್ಕೆ ಮುಂಚೆ ಬೀಗ ತೆಗೆದು ಒಳಗೆ ಬಂದು, ಹೆಗಲ ಚೀಲವನ್ನೂ ಕೆಳಗಿಡದೆ, ಆ ದೀಪವನ್ನು ಪಟ್ಟಿಗಳಿಂದ ಎತ್ತಿ ಒಂದಡಿ ಬಲಕ್ಕೆ, ಕುರ್ಚಿಯ ಮಗ್ಗುಲಿಗೇ ಇಟ್ಟಳು. ಬೆಳಕು ಮೆತ್ತಗಾಗಲೆಂದು ಅದರ ಮುಂದೆ ಕಟ್ಟಿದ್ದ ಬಿಳಿ ಬಟ್ಟೆಯನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಡ್ರಾಯರಿಗೆ ಹಾಕಿದಳು. ಆಮೇಲೆ ದೀಪ ಹಾಕಿ, ಕೂತವರ ಕೆನ್ನೆ ಬರುವ ಎತ್ತರಕ್ಕೆ ತನ್ನ ಅಂಗೈ ಹಿಡಿದು ನೋಡಿದಳು. ಅಂಗೈಯ ಒಂದೊಂದು ಗೆರೆಯೂ ಉತ್ತ ಸಾಲಿನಂತೆ ಎದ್ದು ಕಂಡಿತು. ಸಾಕು ಅನ್ನಿಸಿತು. ಹೋಗಿ ನೀರು ಕುಡಿದು ಬಂದಳು.

ಕ್ಯಾಮೆರಾ ಬಾಡಿಗೆಗೆ ಕೊಡುವ ಆ ಅಂಗಡಿಯಲ್ಲಿ, ಕೊಳ್ಳುವ ಮುಂಚೆ ಕ್ಯಾಮೆರಾಗಳನ್ನು ಪರೀಕ್ಷಿಸುವುದೇ ಅವಳ ಕೆಲಸ. ಸಿನಿಮಾದವರಿಗೆ, ಜಾಹೀರಾತಿನವರಿಗೆ, ಪತ್ರಿಕೆಯವರಿಗೆ ಹೋಗಿ ಬರುವ ಕ್ಯಾಮೆರಾಗಳು. ಯಜಮಾನರು ಕೊಳ್ಳುವುದೆಂದರೆ ಒಂದಲ್ಲ, ಒಂದೇ ಸಲ ಮೂವತ್ತು ನಲವತ್ತು. ಅವಳು ಹೂಂ ಅಂದರೆ ಕೊಳ್ಳುವುದು, ಊಹೂಂ ಅಂದರೆ ಬಂದವರಿಗೆ ಕಾಫಿ ಕೊಟ್ಟು ಕಳಿಸುವುದು. “ನಿಮ್ಮ ಕಣ್ಣು ಸುಳ್ಳು ಹೇಳಲ್ಲ ಮೇಡಂ” ಎಂದು ಯಜಮಾನರು ನಾಲ್ಕು ಜನರ ಎದುರು ಅಂದಿದ್ದರು. ಆ ಮಾತನ್ನು ಅವಳು ಒಡವೆಯ ಹಾಗೆ ಮೈಮೇಲೆ ಹಾಕಿಕೊಂಡೇ ಓಡಾಡುತ್ತಿದ್ದಳು. ಪರೀಕ್ಷೆಗೆ ಕೂರುವ ಮುಖ ಉಗ್ರಾಣ ನೋಡಿಕೊಳ್ಳುವವನದು. ಹನ್ನೊಂದು ವರ್ಷ, ಇಪ್ಪತ್ತಮೂರು ಕ್ಯಾಮೆರಾ. ಆ ಚಿತ್ರಗಳನ್ನು ಸಾಲಾಗಿಟ್ಟರೆ ಕ್ಯಾಮೆರಾಗಳು ಚೂಪಾಗುತ್ತ ಬಂದದ್ದೂ ಅವನು ಮುದುಕನಾಗುತ್ತ ಬಂದದ್ದೂ ಒಟ್ಟಿಗೇ ಕಾಣುತ್ತಿತ್ತು. ಇವತ್ತು ಅವನು ನುಣ್ಣಗೆ ಕ್ಷೌರ ಮಾಡಿಕೊಂಡು ಬಂದು ನಿಂತಾಗ ಅವಳು, “ಇವತ್ತು ನಿಮ್ಮ ಮುಖ ಬೇಡ” ಅಂದಳು. ಅವನು ಕೆನ್ನೆ ಸವರಿಕೊಂಡು, “ಯಾಕೆ, ಹಳೇದಾಯ್ತಾ?” ಅಂದ. ಅವಳು ನಗಲಿಲ್ಲ. ಅವನ ಕಣ್ಣು ದೀಪದ ಕಡೆ ಹೋಗದಿರಲೆಂದು ಅವನಿಗೂ ದೀಪಕ್ಕೂ ನಡುವೆ ಬಂದು ನಿಂತಳು.

ಕ್ಯಾಮೆರಾ ತರುವವರು ಯಾರೆಂದು ಕಂಪನಿಯ ಪತ್ರದ ಕೊನೆಯಲ್ಲಿತ್ತು. ಪತ್ರ ಬಂದ ದಿನ ಅವಳು ಆ ಹೆಸರನ್ನು ಎರಡು ಸಲ ಓದಿ, ಕಾಗದವನ್ನು ಮಗುಚಿಟ್ಟು, ಮತ್ತೆ ನೆಟ್ಟಗಿಟ್ಟಳು. ಅವರ ಸ್ಟುಡಿಯೋದಲ್ಲೇ ಅವಳು ಕೆಲಸ ಕಲಿತದ್ದು. ಎಲ್ಲರಿಗೂ ಅವರು ಮೇಷ್ಟ್ರು. ನೆಲಕ್ಕೆ ಪಟ್ಟಿ ಅಂಟಿಸುವುದನ್ನು ಕಲಿಸಿದವರೂ ಅವರೇ: ಗುರುತು ಬಿಟ್ಟ ದೀಪ, ಮಾತು ತಪ್ಪಿದ ಮನುಷ್ಯ ಎರಡೂ ಒಂದೇ ಅನ್ನುತ್ತಿದ್ದರು. ಆ ಸ್ಟುಡಿಯೋ ಯಾವಾಗಲೋ ಮುಚ್ಚಿತು. ಅರವತ್ತೈದು ದಾಟಿದ ಮೇಲೂ ಅವರು ಯಾವುದೋ ಕಂಪನಿಯ ಕ್ಯಾಮೆರಾ ಹೊತ್ತು ಅಂಗಡಿ ಅಂಗಡಿ ಸುತ್ತುತ್ತಿದ್ದಾರೆ ಎಂದು ಕೇಳಿದ ದಿನ ಅವಳಿಗೆ ಹೊಟ್ಟೆಯೊಳಗೆ ತಣ್ಣಗಾಗಿತ್ತು. “ನಮ್ಮ ಆರ್ಡರ್ ಸಿಗದಿದ್ರೆ ಅವರನ್ನ ಈ ತಿಂಗಳೇ ಮನೆಗೆ ಕಳಿಸ್ತಾರಂತೆ, ಪಾಪ” ಎಂದರು ಯಜಮಾನರು. ಅವರನ್ನು ಮನೆಗೆ ಕಳಿಸುವುದು ಅವಳಿಗೆ ಬೇಕಿರಲಿಲ್ಲ. ಕೆಲಸ ಹೋದವರಿಗೆ ಲೋಕವೆಲ್ಲ ಪಾಪ ಅನ್ನುತ್ತದೆ. ಅವಳಿಗೆ ಬೇಕಾಗಿದ್ದು ಅವರ ಮುಖ ಗೋಡೆಯಷ್ಟಗಲ ಆಗುವುದು, ಜನ ಅದನ್ನು ನೋಡಿ ನಗುವುದು, ಆ ನಗುವಿನ ನಡುವೆ ಅವರು ಎದ್ದು ಹೋಗಲಾರದೆ ಕೂತಿರುವುದು. ಇಷ್ಟೇ. ಹದಿನಾರು ವರ್ಷದಲ್ಲಿ ಬಸ್ಸಿನಲ್ಲಿ, ಬಚ್ಚಲಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ನಿಂತು ಅವಳು ಇದನ್ನು ಎಷ್ಟೋ ಸಲ ನಡೆಸಿ ನೋಡಿದ್ದಳು. ಈಗ ನಿಜಕ್ಕೂ ನಡೆಯುವ ಹೊತ್ತಿಗೆ ಅವಳಿಗೆ ಹೊಸದಾಗಿ ಯೋಚಿಸುವಂಥದ್ದು ಏನೂ ಉಳಿದಿರಲಿಲ್ಲ.

ಮೇಷ್ಟ್ರು ಬಂದದ್ದು ಹತ್ತೂವರೆಗೆ, ಹೆಂಡತಿಯ ಜೊತೆಗೆ. ಕಪ್ಪು ಕೋಟು ಭುಜದ ಮೇಲೆ ಒಂದು ಅಳತೆ ದೊಡ್ಡದಾಗಿ ಕೂತಿತ್ತು, ಅಥವಾ ಅದರೊಳಗಿನ ಮನುಷ್ಯ ಒಂದು ಅಳತೆ ಸಣ್ಣಗಾಗಿದ್ದ. ಕ್ಯಾಮೆರಾದ ಪೆಟ್ಟಿಗೆ ಹೆಂಡತಿಯ ಕೈಯಲ್ಲಿತ್ತು. “ಇವರ ಕೈ ಈಗೀಗ ಸ್ವಲ್ಪ ಆಡುತ್ತೆ, ಅದಕ್ಕೆ ನಾನು ಬರ್ತೀನಿ” ಎಂದು ಅವರು ಯಾರೂ ಕೇಳುವ ಮೊದಲೇ ಹೇಳಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಮಗುವನ್ನು ಮಲಗಿಸಿದ ಹಾಗೆ ಇಟ್ಟರು. ಸ್ಟುಡಿಯೋದಲ್ಲಿ ಎಲ್ಲರೂ ಅವರನ್ನು ಅಕ್ಕ ಅನ್ನುತ್ತಿದ್ದರು. ಮೇಷ್ಟ್ರು ಅವಳನ್ನು ನೋಡಿದರು, ನಕ್ಕರು. “ಚೆನ್ನಾಗಿದ್ದೀರಾ ಮೇಡಂ?” ಎಂದರು. ಮೇಡಂ. ಅವಳು ಇನ್ನೊಂದು ಹೆಸರಿಗೆ ಮೈಯೆಲ್ಲ ಬಿಗಿ ಹಿಡಿದು ಕಾದಿದ್ದಳು. ಜರಡಿ. ಏ ಜರಡಿ, ಆ ಲೆನ್ಸ್ ತಾ. ಜರಡೀ, ಬಾಗಿಲು ಹಾಕು. ಬೆಳಿಗ್ಗೆಯಿಂದ ಸಂಜೆವರೆಗೆ, ಸಿಟ್ಟಿಲ್ಲದೆ, ಪ್ರೀತಿಯಿಲ್ಲದೆ, ಬಕೆಟ್ಟನ್ನು ಬಕೆಟ್ಟು ಅಂದ ಹಾಗೆ. ಆರನೇ ವಯಸ್ಸಿನಲ್ಲಿ ಸೀತಾಳೆ ಸಿಡುಬು ಎದ್ದು ಎರಡು ಕೆನ್ನೆಯಲ್ಲೂ ಹಣೆಯಲ್ಲೂ ಉಳಿಸಿಹೋದ ಗುಳಿಗಳಿಗೆ ಅವರು ಒಂದೇ ದಿನದಲ್ಲಿ ಹುಡುಕಿದ ಹೆಸರು. ಇವತ್ತು ಒಂದು ಸಲ ಹಾಗಂದಿದ್ದರೆ ಎಷ್ಟು ಸಲೀಸಾಗುತ್ತಿತ್ತು. ಮೇಡಂ ಅಂದು ಅವರು ಅವಳ ಸಿಟ್ಟಿನ ಕಾಲಿಗೆ ತೊಡಕು ಹಾಕಿದ ಹಾಗಾಯಿತು. “ಕೂತ್ಕೊಳ್ಳಿ ಮೇಷ್ಟ್ರೇ” ಅಂದಳು, ತನಗೇ ಕೇಳದಷ್ಟು ಮೆಲ್ಲಗೆ.

ಕ್ಯಾಮೆರಾ ಚೆನ್ನಾಗಿತ್ತು. ಅದು ಮೊದಲನೆಯ ತೊಂದರೆ. ಅವಳು ಬೇಕೆಂದೇ ಅದನ್ನು ತಪ್ಪು ಹುಡುಕುವ ಕೈಯಲ್ಲಿ ಎತ್ತಿಕೊಂಡಳು. ಹಿಡಿ ಅಂಗೈಗೆ ಬಂದು ಕೂತಿತು, ಹೆಬ್ಬೆರಳು ಹುಡುಕಿದ ಕಡೆಯಲ್ಲೇ ಗುಂಡಿ ಇತ್ತು, ಶಟರಿನ ಸದ್ದು ಪುಸ್ತಕದ ಹಾಳೆ ಮಗುಚಿದಷ್ಟೇ. ಮೇಷ್ಟ್ರು ಎದ್ದು ಬಂದು “ಇದರಲ್ಲಿ ಏನಂದ್ರೆ...” ಎಂದು ಶುರು ಮಾಡಿದಾಗ “ನಾನೇ ನೋಡ್ತೀನಿ” ಅಂದಳು. ಅವರು ಹೋಗಿ ಕೂತರು. ಪರೀಕ್ಷೆಗೆಂದೇ ಸಣ್ಣ ಗೆರೆಗಳನ್ನು ಅಚ್ಚು ಮಾಡಿದ ಗೆರೆಪಟದ ಎದುರು ಕ್ಯಾಮೆರಾ ನಿಲ್ಲಿಸಿ ಚಿತ್ರ ಹಿಡಿದಳು: ಹಿಂದಿನ ಕ್ಯಾಮೆರಾಗಳೆಲ್ಲ ಬೂದಿ ಕಲಸಿದ ಹಾಗೆ ಮಾಡುತ್ತಿದ್ದ ಸಣ್ಣ ಗೆರೆಗಳು ಕೂದಲಿನಂತೆ ಬಿಡಿಬಿಡಿಯಾಗಿ ನಿಂತವು. ಬಣ್ಣದ ಹಲಗೆಯ ಚಿತ್ರ ಹಿಡಿದಳು, ಕಪಾಟಿನ ಬಾಗಿಲು ಅರೆ ತೆರೆದು ಒಳಗಿನ ಕತ್ತಲೆಯಲ್ಲಿದ್ದ ಬೀಗದ ಕೈ ಗೊಂಚಲಿನ ಚಿತ್ರ ಹಿಡಿದಳು, ಬೆರಳು ತೆಗೆಯದೆ ಮುನ್ನೂರು ಚಿತ್ರ ಒಂದೇ ಉಸಿರಿಗೆ ಹಿಡಿದು ಅದು ಎಲ್ಲಿ ಏದುಸಿರು ಬಿಡುತ್ತದೆಂದು ಕಾದಳು. ಬಿಡಲಿಲ್ಲ. ತಪ್ಪೆಂದು ಬರೆಯಲು ಬ್ಯಾಟರಿಯ ಮುಚ್ಚಳ ಸ್ವಲ್ಪ ಬಿಗಿ ಅನ್ನುವುದು ಬಿಟ್ಟರೆ ಇನ್ನೇನೂ ಸಿಗಲಿಲ್ಲ, ಅದನ್ನೇ ಬರೆದುಕೊಂಡಳು. ಆಮೇಲೆ ಮುಖ ಹುಡುಕುವ ಪರೀಕ್ಷೆ. ಉಗ್ರಾಣದವನನ್ನು ಕೋಣೆಯ ಆ ತುದಿಯಿಂದ ಈ ತುದಿಗೆ ನಡೆಸಿದಳು, ಕಂಬದ ಹಿಂದೆ ಹೋಗಿ ಬರಲು ಹೇಳಿದಳು, ಬೆನ್ನು ತಿರುಗಿಸಿ ಥಟ್ಟನೆ ಇತ್ತ ನೋಡಲು ಹೇಳಿದಳು. ಎಲ್ಲಿದ್ದರೂ, ಅರ್ಧ ಕಂಡರೂ, ಕ್ಯಾಮೆರಾದ ಪರದೆಯ ಹಸಿರು ಚೌಕ ಹೋಗಿ ಅವನ ಕಣ್ಣಿನ ಮೇಲೆ ಕೂರುತ್ತಿತ್ತು. ಒಂದು ಸಲವೂ ದೂರ ತಪ್ಪಲಿಲ್ಲ.

ಅಮ್ಮನಿಗೆ ತಪ್ಪುತ್ತದೆ. ಕಣ್ಣಿನ ನಟ್ಟನಡುವೆ ಸವೆದುಹೋಗಿದೆ, ಸುತ್ತಲಿನದು ಉಳಿದಿದೆ ಎಂದು ಡಾಕ್ಟರು ಕಾಗದದ ಮೇಲೆ ಬರೆದು ತೋರಿಸಿದ್ದರು. ಬಾಗಿಲು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಚಪ್ಪಲಿ ಕಾಣುತ್ತದೆ, ಅವರ ಮುಖ ಇರಬೇಕಾದ ಕಡೆ ಬರೀ ಬೂದು ಮಚ್ಚೆ. ಹಾಗಾಗಿ ಅಮ್ಮ ಈಗ ಮುಖಗಳನ್ನು ಕೈಯಿಂದ ನೋಡುತ್ತಾಳೆ. ನೆಂಟರು ಬಂದರೆ ಕೆನ್ನೆ ಹಿಡಿದು, ಗಲ್ಲ ಸವರಿ, “ಇಳಿದುಹೋಗಿದ್ದೀಯಲ್ಲೋ” ಅನ್ನುತ್ತಾಳೆ. ಇವತ್ತು ಬೆಳಿಗ್ಗೆ ಕೂಡ ಬಾಗಿಲ ಹತ್ತಿರ, ಹೊರಟವಳ ಕಡೆಗೆ ಆ ಕೈ ಬಂತು. ಅವಳು ಮಾತು ನಿಲ್ಲಿಸದೆ, ಹೆಜ್ಜೆ ಎತ್ತದೆ, ಕತ್ತು ಮಾತ್ರ ಒಂದು ಗೇಣು ಹಿಂದಕ್ಕೆ ತೆಗೆದುಕೊಂಡಳು. ಕೈ ಗಾಳಿಯಲ್ಲಿ ಹುಡುಕಿತು. ಹುಡುಕಿ ಇಳಿಯಿತು. ಹದಿನಾರು ವರ್ಷದಿಂದ ಅವಳು ಅಮ್ಮನಿಗೆ ತನ್ನ ಮುಖ ಮುಟ್ಟಗೊಟ್ಟಿಲ್ಲ. ಕಣ್ಣು ಚೆನ್ನಾಗಿದ್ದಾಗ ಅಮ್ಮನಿಗೆ ಅದು ತಿಳಿಯುತ್ತಿತ್ತು, ಯಾಕೆಂದು ಕೇಳುತ್ತಿರಲಿಲ್ಲ. ಈಗ ತಿಳಿಯುವುದೂ ಇಲ್ಲ. ತನ್ನ ಕೈಯೇ ದೂರ ತಪ್ಪಿತು ಅಂದುಕೊಳ್ಳುತ್ತಾಳೆ. ಎಷ್ಟು ಅಚ್ಚುಕಟ್ಟಾದ ಶಿಕ್ಷೆ ಎಂದು ಅವಳಿಗೆ ಒಮ್ಮೊಮ್ಮೆ ಅನ್ನಿಸುತ್ತಿತ್ತು, ಹಾಗನ್ನಿಸಿದ್ದಕ್ಕೆ ಆಮೇಲೆ ಮೈ ಬೆಚ್ಚಗಾಗುತ್ತಿತ್ತು, ನಾಚಿಕೆಗೋ ಸುಖಕ್ಕೋ ಅವಳಿಗೇ ಹೇಳಲು ಬರುತ್ತಿರಲಿಲ್ಲ.

“ಮುಖದ ಪರೀಕ್ಷೆ ಒಂದು ಉಳಿದಿದೆ. ಮೇಷ್ಟ್ರೇ, ನಿಮ್ಮ ಮುಖ ಬೇಕಿತ್ತು.”

ಈ ಮಾತನ್ನು ಅವಳು ಕನ್ನಡಿಯ ಎದುರು ಹೇಳಿ ನೋಡಿದ್ದಳು. “ನಾಳೆ ನಿನ್ನ ಮುಖ ಬೇಕು” ಎಂದು ಹದಿನಾರು ವರ್ಷದ ಹಿಂದೆ ಮೇಷ್ಟ್ರು ಅಂದದ್ದು, ಲೆನ್ಸ್ ಒರೆಸುತ್ತ, ಇವಳ ಕಡೆ ನೋಡದೆ. ಆ ಸಂಜೆ ಅವಳು ಮನೆಗೆ ನಡೆದು ಹೋದಳೋ ಹಾರಿ ಹೋದಳೋ. ಇಪ್ಪತ್ತಮೂರು ವರ್ಷ ಯಾರಿಗೂ ಬೇಡವಾಗಿದ್ದ ಮುಖ ಬೇಕಂತೆ. ಹೊಸ ಕ್ಯಾಮೆರಾ ಬಂದಿದೆಯಂತೆ, ಊರಿನ ಫೋಟೋದವರೆಲ್ಲ ಸೇರುತ್ತಾರಂತೆ, ದೊಡ್ಡ ಪರದೆಯಂತೆ. ಬೆಳಕು ಬಲ್ಲವರ ಕಣ್ಣಿಗೆ ಏನೋ ಕಂಡಿರಬೇಕು ಎಂದುಕೊಂಡಳು. ಚಿಕ್ಕಮ್ಮನ ಮಗಳ ಓಲೆ ಇಸಕೊಂಡಳು. ಅಮ್ಮನನ್ನೂ ಕರೆದಳು: “ನೀನೂ ಬಾ, ನನ್ನ ಚಿತ್ರ ಹಾಕ್ತಾರೆ.” ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುವುದು ಜನರ ನಗುವಿಗಲ್ಲ, ಆ ಓಲೆಗೆ. ಪರದೆಯ ಮೇಲೆ ಮೊದಲು ಪೂರ್ತಿ ಮುಖ ಬಂತು. ಪರವಾಗಿಲ್ಲ ಅನ್ನಿಸಿತು, ಓಲೆ ಚೆನ್ನಾಗಿ ಕಂಡಿತ್ತು. ಆಮೇಲೆ ಮೇಷ್ಟ್ರು ಗುಂಡಿ ಒತ್ತಿದರು. ಮುಖ ಕೆನ್ನೆಯಾಯಿತು, ಕೆನ್ನೆ ಗುಳಿಗಳಾಯಿತು. “ನೋಡಿ, ಒಂದೂ ಬಿಡದೆ ಎಣಿಸಬಹುದು,” ಎಂದರು ಮೈಕಿನಲ್ಲಿ. “ಈ ಹುಡುಗಿಗೆ ನಮ್ಮಲ್ಲಿ ಜರಡಿ ಅಂತಲೇ ಹೆಸರು. ತೂತು ಎಷ್ಟು ಅಂತ ಇವತ್ತೇ ಗೊತ್ತಾಗಿದ್ದು.” ಇನ್ನೂರು ಜನ ಒಟ್ಟಿಗೆ ನಕ್ಕರೆ ಸದ್ದು ಹೇಗಿರುತ್ತದೆಂದು ಅವಳಿಗೆ ಗೊತ್ತಾದದ್ದೂ ಅವತ್ತೇ. ಅದನ್ನೂ ಅವಳು ತಡೆದುಕೊಳ್ಳುತ್ತಿದ್ದಳು. ತಡೆಯಲಾರದೆ ಕಣ್ಣು ತಪ್ಪಿಸಿ ಹಿಂದೆ, ಕಂಬದ ಹತ್ತಿರ ನೋಡಿದಳು, ಅಲ್ಲಿ ಅಮ್ಮ ಇದ್ದಳಲ್ಲ ಅಂತ. ಅಮ್ಮ ನಗುತ್ತಿದ್ದಳು. ಯಾವಾಗಲೂ ಬಾಯಿಗೆ ಕೈ ಅಡ್ಡ ಹಿಡಿದು ನಗುವವಳು ಅವತ್ತು ಕೈ ಇಳಿಬಿಟ್ಟು, ಬಾಯಿ ತುಂಬ ನಗುತ್ತಿದ್ದಳು.

ಮೇಷ್ಟ್ರು ಕುರ್ಚಿಯ ಹತ್ತಿರ ಬಂದವರು ಕೂರುವ ಮೊದಲು ನೆಲ ನೋಡಿದರು. ಮೂರು ಬಿಳಿ ಪಟ್ಟಿ ಖಾಲಿ ಬಿದ್ದಿದ್ದವು, ದೀಪ ಅವುಗಳಿಂದ ಒಂದಡಿ ಆಚೆ ನಿಂತಿತ್ತು. ಬಟ್ಟೆ ಕಟ್ಟಿಲ್ಲದ ದೀಪವನ್ನೊಮ್ಮೆ ನೋಡಿದರು.

“ದೀಪ ಗುರುತು ದಾಟಿದೆ,” ಎಂದರು, ಹೆಂಡತಿಗೆ ಕೇಳದಷ್ಟು ಸಣ್ಣಗೆ.

“ಗೊತ್ತು,” ಅಂದಳು ಅವಳು.

ಅವರು ಅವಳ ಮುಖ ನೋಡಿದರು. ಆ ನೋಟ ಎಷ್ಟು ಹೊತ್ತಿತ್ತೋ, ಅಷ್ಟರಲ್ಲಿ ಅವಳಿಗೆ ದೀಪವನ್ನು ಮತ್ತೆ ಸರಿಸಿಬಿಡಬೇಕು ಅನ್ನಿಸಿ ಹೋಯಿತು, ಸರಿಸಿದರೆ ಈ ಹದಿನಾರು ವರ್ಷವನ್ನು ಎಲ್ಲಿಡಲಿ ಎಂದೂ ಅನ್ನಿಸಿತು. “ಸರಿ,” ಎಂದು ಅವರು ಕೂತರು. ಕೋಟಿನ ಕಾಲರು ಎಳೆದುಕೊಂಡರು, ಗಲ್ಲ ಎಷ್ಟು ಬೇಕೋ ಅಷ್ಟೇ ಎತ್ತಿದರು. ಸಾವಿರಾರು ಜನರನ್ನು ಕೂರಿಸಿದವರಿಗೆ ಕೂರುವುದನ್ನು ಹೇಳಿಕೊಡಬೇಕಿರಲಿಲ್ಲ. ಕೈ ನಡುಗುವುದು ಕಾಣದಿರಲೆಂದು ಎರಡೂ ಕೈಯನ್ನು ತೊಡೆಯ ಸಂದಿಗೆ ಸೇರಿಸಿಕೊಂಡರು. ಹಸಿರು ಚೌಕ ಹೋಗಿ ಅವರ ಎಡಗಣ್ಣಿನ ಮೇಲೆ ಕೂತಿತು. ಹಾಳೆ ಮಗುಚಿದ ಸದ್ದು, ಇನ್ನೊಂದು, ಇನ್ನೊಂದು. ಒಂದು ಸಾಕಾಗಿದ್ದ ಕಡೆ ಅವಳು ಒಂಬತ್ತು ಹಿಡಿದಳು.

ಯಾವ ಕ್ಯಾಮೆರಾ ಬಂದರೂ ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಅಂಗಡಿಯವರೆಲ್ಲ ಕೂತು ಚಿತ್ರ ನೋಡುವುದು ವಾಡಿಕೆ. ಇವತ್ತು ಅವಳು ರಿಪೇರಿಯವರನ್ನೂ ಕರೆದಿದ್ದಳು, ಮಹಡಿಯ ಆಫೀಸಿನವರನ್ನೂ ಕರೆದಿದ್ದಳು, ಹದಿನೆಂಟು ಜನ. ಇನ್ನೂರಲ್ಲ, ಆದರೂ ಸಾಲದೇನಲ್ಲ. ಯಜಮಾನರು ಮುಂದಿನ ಸಾಲಿನಲ್ಲಿ, ಅವರ ಪಕ್ಕ ಮೇಷ್ಟ್ರು, ಆಮೇಲೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡ ಅಕ್ಕ. ಗೋಡೆಯ ಪರದೆಯ ಮೇಲೆ ಗೆರೆಪಟ ಬಂತು, ಬಣ್ಣ ಬಂತು, ಕಪಾಟಿನ ಕತ್ತಲೆಯ ಬೀಗದ ಕೈ ಬಂತು. ಯಜಮಾನರು ತಲೆಯಾಡಿಸುತ್ತ ಹೋದರು. ಆಮೇಲೆ ಮೇಷ್ಟ್ರ ಮುಖ ಬಂತು. ಬದಿಯಿಂದ ಬಿದ್ದ ಬೆಳಕು ಆ ಮುಖವನ್ನು ಉಗುರಿನಿಂದ ಕೆದಕಿದ ಹಾಗಿತ್ತು. ಅವಳು ಗುಂಡಿ ಒತ್ತಿದಳು. ಮೂಗಿನ ಮೇಲಿನ ಒಡೆದ ಸಣ್ಣ ನರಗಳು, ಕೆನ್ನೆಯಲ್ಲಿ ಕತ್ತಿ ತಪ್ಪಿಸಿಕೊಂಡು ಉಳಿದ ಬಿಳಿ ಗಡ್ಡದ ಒಂದು ಪೊದೆ, ಕಿವಿಯ ಮಡಿಕೆಯಲ್ಲಿ ಒಣಗಿದ ಸೋಪು. ಇನ್ನೂ ಒತ್ತಿದಳು. ಈಗ ಪರದೆಯ ತುಂಬ ಕಣ್ಣಿಗೂ ಕಿವಿಗೂ ನಡುವಿನ ಜಾಗವೇ ಇತ್ತು: ಬಣ್ಣ ಹಾಕಿದ ಕಪ್ಪು ಕೂದಲಿನ ಬುಡದಲ್ಲಿ ಬೆಳ್ಳಗೆ ಎದ್ದ ಕೂಳೆ, ಚರ್ಮದ ಮೇಲೆ, ಕಿವಿಯ ಅಂಚಿನವರೆಗೂ, ಹರಡಿಕೊಂಡ ಕರಿ ಕಲೆ.

“ವಿವರ ಎಷ್ಟಿದೆ ಅಂದ್ರೆ,” ಎಂದಳು, ತನ್ನ ದನಿಯಲ್ಲಿ ಆ ಹಳೆಯ ಮೈಕಿನ ದನಿ ಬಂದು ಕೂತದ್ದು ಅವಳಿಗೇ ಕೇಳಿಸಿತು, “ಕೂದಲಿಗೆ ಬಣ್ಣ ಹಚ್ಚಿ ಎಷ್ಟು ದಿನ ಆಯ್ತು ಅಂತ ಕೂಡ ಹೇಳಬಹುದು. ಎಂಟು ದಿನ.”

ಯಾರೋ ಕಿಸಕ್ಕೆಂದರು. ಅಷ್ಟು ಸಾಕಾಯಿತು, ಹಿಂದಿನ ಸಾಲಿನಿಂದ ನಗು ಮುಂದಕ್ಕೆ ಬಂತು, ರಿಪೇರಿಯವನೊಬ್ಬ ಸೀಟಿ ಹೊಡೆದ. ಮೇಷ್ಟ್ರು ತಿರುಗಿ ಎಲ್ಲರ ಕಡೆ ನೋಡಿ, “ಒಂಬತ್ತು,” ಎಂದರು. ಎಂದು ತಾವೂ ನಕ್ಕರು. ಈಗ ಯಜಮಾನರೂ ನಕ್ಕರು, ಕೋಣೆಗೆ ಕೋಣೆಯೇ ನಕ್ಕಿತು. ಅವಳು ಬಯಸಿದ್ದ ನಗು ಇದೇ. ಅಳತೆ ತೆಗೆದು ಹೊಲಿಸಿದ ಹಾಗೆ ಬಂದಿತ್ತು. ಅದನ್ನು ಪೂರ್ತಿ ತೆಗೆದುಕೊಳ್ಳೋಣವೆಂದು ಅವಳು ಮುಂದಿನ ಸಾಲಿನತ್ತ, ಅಕ್ಕನ ಕಡೆ ನೋಡಿದಳು. ಗಂಡನ ಜೊತೆ ಬಂದ ಹೆಂಗಸು ಈಗ ಏನು ಮಾಡುತ್ತಾಳೆ, ಎಲ್ಲರೂ ನಗುವಾಗ ಬಾಯಿ ಬಿಡುತ್ತಾಳೋ ಇಲ್ಲವೋ. ಅಕ್ಕ ಪೆಟ್ಟಿಗೆಯನ್ನು ಪಕ್ಕದ ಕುರ್ಚಿಯ ಮೇಲಿಟ್ಟರು. ಎದ್ದರು. ನಾಲ್ಕು ಹೆಜ್ಜೆ ನಡೆದು ಹೋಗಿ ಪ್ರೊಜೆಕ್ಟರಿಗೂ ಗೋಡೆಗೂ ನಡುವೆ ನಿಂತು ಜನರ ಕಡೆ ತಿರುಗಿದರು. ಕಣ್ಣಿಗೆ ಹೊಡೆಯುತ್ತಿದ್ದ ಬೆಳಕಿಗೆ ಅವರ ಕಣ್ಣು ಮುಚ್ಚಿಹೋಯಿತು. ಆ ಕಲೆ, ಆ ಕೂಳೆ, ಎಲ್ಲ ಅವರ ಮುಖದ ಮೇಲೆ, ಎದೆಯ ಮೇಲೆ ಬಿತ್ತು. ಗೋಡೆಯ ಮೇಲೆ ಉಳಿದದ್ದು ಅವರ ನೆರಳು.

“ಬಣ್ಣ ಹಚ್ಚಿದ್ದು ನಾನು,” ಎಂದರು. “ನನ್ನ ಕಣ್ಣು ಮೊದಲಿನ ಹಾಗಿಲ್ಲ. ಚರ್ಮಕ್ಕೆ ತಾಗಿದ್ದು ಕಾಣಲಿಲ್ಲ. ಸಾಕು, ಆರಿಸು ತಾಯಿ.”

ನಗು ಎಲ್ಲಿತ್ತೋ ಅಲ್ಲೇ ನಿಂತಿತು. ಅವಳ ಬೆರಳಿಗೆ ಗುಂಡಿ ಸಿಗಲಿಲ್ಲ. ದಿನಾ ಒತ್ತುವ ಗುಂಡಿ. ಉಗ್ರಾಣದವನು ಎದ್ದು ಬಂದು ಆರಿಸಿದ.

ಜನ ಚದುರಿದರು. ಕ್ಯಾಮೆರಾ ಹೇಗೆಂದು ಯಜಮಾನರು ಕೇಳಿದಾಗ “ಚೆನ್ನಾಗಿದೆ, ತಗೋಬಹುದು” ಅಂದಳು, ಸ್ವಲ್ಪ ತಡೆದು, “ಮುಖದ ಪರೀಕ್ಷೆ ಲೆಕ್ಕಕ್ಕಿಲ್ಲ. ದೀಪ ಸರಿದಿತ್ತು. ನಾನೇ ಸರಿಸಿದ್ದು” ಎಂದೂ ಅಂದಳು. ಯಜಮಾನರು ಅವಳನ್ನೊಮ್ಮೆ ನೋಡಿ ಹೊರಟುಹೋದರು. ಇನ್ನು ಮೇಲೆ ಕಣ್ಣು ಸುಳ್ಳು ಹೇಳಲ್ಲ ಅನ್ನುವುದಿಲ್ಲ ಇವರು ಎಂದು ಅವಳಿಗೆ ಖಚಿತವಾಯಿತು. ಬಾಗಿಲ ಹತ್ತಿರ ಮೇಷ್ಟ್ರು ಒಬ್ಬರೇ ನಿಂತಿದ್ದರು. ಅಕ್ಕ ಆಟೋ ಹಿಡಿಯಲು ರಸ್ತೆಗಿಳಿದಿದ್ದರು.

“ಬೆಳಕು ಗಡುಸಾಗಿತ್ತು,” ಎಂದರು ಮೇಷ್ಟ್ರು. “ಫೋಕಸ್ ಮಾತ್ರ ಸರಿಯಾಗಿ ಕೂತಿತ್ತು.” ಆಮೇಲೆ, ನೆಲ ನೋಡುತ್ತ, “ಅವತ್ತು ನಾನೂ ಅಷ್ಟು ದೊಡ್ಡದು ಮಾಡಬಾರದಾಗಿತ್ತು. ಏನಾಯ್ತು ಅಂದ್ರೆ, ನಿಮ್ಮ ತಾಯಿ ಹಿಂದೆ ಕಂಬದ ಹತ್ರ ನಿಂತಿದ್ರು. ನಗ್ತಾ ಇದ್ರು. ಹೆತ್ತವಳೇ ನಗ್ತಾ ಇದಾಳಲ್ಲ, ಪರವಾಗಿಲ್ಲ ಅಂದ್ಕೊಂಡು ಇನ್ನೊಂದು ಸಲ ಒತ್ತಿದೆ.”

ಕ್ಷಮಿಸಿ ಎಂದು ಅವರು ಕೇಳಲಿಲ್ಲ. ಅವಳು ಕೋಣೆಗೆ ಹೋಗಿ ಡ್ರಾಯರಿನಿಂದ ಬಿಳಿ ಬಟ್ಟೆ ತೆಗೆದು ದೀಪಕ್ಕೆ ಕಟ್ಟಿದಳು, ಸ್ಟ್ಯಾಂಡಿನ ಮೂರು ಕಾಲನ್ನೂ ಪಟ್ಟಿಯ ಮೇಲೆ ತಂದಿಟ್ಟಳು. ಪಟ್ಟಿಯೊಂದರ ಮೂಲೆ ಎದ್ದಿತ್ತು. ಮಂಡಿಯೂರಿ ಕೂತು ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದಳು, ಅದು ಕೂರುತ್ತಿರಲಿಲ್ಲ.

ಮನೆಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಇವತ್ತು ಅವಳು ನಡೆದಳು. ಅಂಗಡಿಗಳ ಗಾಜುಗಳಲ್ಲಿ ತನ್ನ ಜೊತೆ ನಡೆದು ಬರುತ್ತಿದ್ದವಳನ್ನು ನೋಡಲಿಲ್ಲ. ಸೇಡು ತೀರಿದ ಮೇಲೆ ಒಳಗೆ ಜಾಗ ಖಾಲಿಯಾಗಬೇಕಿತ್ತು. ಖಾಲಿಯಾದದ್ದು ಮೇಷ್ಟ್ರ ಜಾಗ ಮಾತ್ರ, ಅಲ್ಲಿಗೆ ಅಮ್ಮ ಬಂದು ಕೂತಳು. ನಾಲ್ಕೇ ಹೆಜ್ಜೆ. ಅಕ್ಕನಿಗೂ ಮಂಡಿ ನೋವಿರಬಹುದು, ಅಕ್ಕನಿಗೂ ಜನರೆದುರು ನಿಲ್ಲಲು ನಾಚಿಕೆಯಿರಬಹುದು. ಅವರಿಗೆ ಆದದ್ದು ನಿನಗೆ ಯಾಕೆ ಆಗಲಿಲ್ಲ ಅಮ್ಮ. ಎದ್ದು ಬರದಿದ್ದರೆ ಹೋಗಲಿ, ಸುಮ್ಮನಿದ್ದಿದ್ದರೆ ಮೇಷ್ಟ್ರು ಅಷ್ಟಕ್ಕೇ ನಿಲ್ಲಿಸುತ್ತಿದ್ದರು. ನಿನ್ನ ನಗುವಿಗೆ ಇನ್ನೊಂದು ಸಲ ಒತ್ತಿದರು. ಈ ಮಾತುಗಳನ್ನು ಅವಳು ದಾರಿಯುದ್ದಕ್ಕೂ ಒಂದರ ಪಕ್ಕ ಒಂದು ಜೋಡಿಸಿಕೊಂಡಳು. ಇವತ್ತು ಕೇಳಿಬಿಡಬೇಕು, ಮುದುಕಿ ಅಂತ ನೋಡಬಾರದು, ಕಣ್ಣು ಕಾಣಲ್ಲ ಅಂತ ನೋಡಬಾರದು. ಮೆಟ್ಟಿಲು ಹತ್ತುವಾಗ ಅವಳಿಗೆ ತನ್ನ ಚಪ್ಪಲಿಯ ಸದ್ದು ಬೇರೆ ಯಾರದೋ ಸದ್ದಿನ ಹಾಗೆ ಕೇಳಿತು.

ಅಮ್ಮ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು, ಇಳಿಬಿಸಿಲು ತೊಡೆಯ ಮೇಲಿತ್ತು. “ನಡೆದು ಬಂದ್ಯಾ? ಉಸಿರು ಹಾಗಿದೆ,” ಎಂದಳು. ಅವಳು ಚೀಲ ಇಡದೆ, ಎದುರಿಗಿದ್ದ ಸ್ಟೂಲಿನ ಮೇಲೆ ಕೂತಳು.

“ಅವತ್ತು ಆ ಸಭೆಯಲ್ಲಿ ನೀನು ಯಾಕೆ ನಕ್ಕೆ?”

ಯಾವತ್ತು ಎಂದು ಅಮ್ಮ ಕೇಳಲಿಲ್ಲ. ಅವಳ ಮುಖಕ್ಕಿಂತ ಸ್ವಲ್ಪ ಪಕ್ಕಕ್ಕೆ ನೋಡಿದಳು. ಪಕ್ಕಕ್ಕೆ ನೋಡಿದರೆ ಮುಖದ ಅಂಚಾದರೂ ಕಾಣುತ್ತದೆ ಅನ್ನುತ್ತಿದ್ದಳು.

“ಅವರೆಲ್ಲ ಯಾಕೆ ನಕ್ಕರೋ ನನಗೇನು ಗೊತ್ತು,” ಎಂದಳು. “ನಾನು ಅವರನ್ನ ನೋಡ್ತಾ ಇರ್ಲಿಲ್ಲ. ನಿನಗೆ ಆರು ವರ್ಷ ಆಗಿದ್ದಾಗ ಮೈಯೆಲ್ಲ ಎದ್ದು, ಕಫ ಕಟ್ಟಿ, ಇವಳು ಉಳಿಯೋದು ಕಷ್ಟ ಅಂದಿದ್ರು ಡಾಕ್ಟ್ರು. ಹದಿನೇಳು ದಿನ ಹತ್ತಿ ಅದ್ದಿ ಅದ್ದಿ ಹಚ್ಚಿದೀನಿ, ಒಂದೊಂದಕ್ಕೂ. ಹುಬ್ಬಿನ ಕೆಳಗಿಂದು, ಮೂಗಿನ ಪಕ್ಕದ ಜೋಡಿ, ನೀನು ಕೆರೆದುಕೊಂಡು ದೊಡ್ಡದು ಮಾಡಿದ್ದು, ಎಲ್ಲಾ ನನಗೆ ಬಾಯಿಪಾಠ. ಅವತ್ತು ಅವೇ ಗೋಡೆ ಮೇಲೆ ತಟ್ಟೆಯಷ್ಟಗಲ ಬಂದ್ವು. ಇದು ಅದು, ಅದು ಇದು ಅಂತ ಗುರುತು ಸಿಕ್ತಾ ಹೋಯ್ತು. ಉಳಿಯಲ್ಲ ಅಂದವಳು ಓಲೆ ಹಾಕ್ಕೊಂಡು ಗೋಡೆ ತುಂಬ ನಿಂತಿದಾಳೆ. ನಗು ಬಂತು.”

ಕೆಳಗೆ ರಸ್ತೆಯಲ್ಲಿ ಯಾರೋ ಗಾಡಿ ಚಾಲೂ ಮಾಡಲು ಒದ್ದಾಡುತ್ತಿದ್ದರು.

“ವಾಪಸ್ ಬರೋವಾಗ ನಿನ್ನ ಮುಖ ನೋಡಿ ಏನೋ ತಪ್ಪಾಗಿದೆ ಅಂತ ಗೊತ್ತಾಯ್ತು. ಕೇಳೋಕೆ ಧೈರ್ಯ ಬರ್ಲಿಲ್ಲ. ನೀನೂ ಹೇಳ್ಲಿಲ್ಲ.”

ಸುಳ್ಳಿರಬಹುದು ಎಂದುಕೊಂಡಳು. ಸುಳ್ಳಾಗಿರಲಿ ಎಂದೂ ಅಂದುಕೊಂಡಳು. ಈ ಹದಿನಾರು ವರ್ಷ ಇಷ್ಟು ಶ್ರದ್ಧೆಯಿಂದ, ಒಂದು ದಿನವೂ ಬಿಡದೆ, ಬಾಗಿಲ ಹತ್ತಿರವೂ ಊಟದ ಹತ್ತಿರವೂ ಜ್ವರದಲ್ಲೂ, ಗೇಣು ಗೇಣಾಗಿ ಹಿಂದೆ ಸರಿದದ್ದನ್ನು ಈಗ ಯಾರ ಮೇಲೆ ಹೊರಿಸುವುದು. ಸದ್ದಾಗದಂತೆ ಮೂಗು ಒರೆಸಿಕೊಂಡಳು. ಚೀಲವನ್ನು ಕೆಳಗಿಟ್ಟಳು. ಸ್ಟೂಲನ್ನು ಮುಂದಕ್ಕೆಳೆದುಕೊಂಡಳೋ ಇಲ್ಲವೋ ತಿಳಿಯದಷ್ಟು ಎಳೆದುಕೊಂಡಳು.

“ಅಳ್ತಾ ಇದೀಯಾ?” ಎಂದಳು ಅಮ್ಮ. ಕೈ ಎತ್ತಿದಳು. ಕೈ ಬಿಸಿಲು ದಾಟಿ, ಮೆಲ್ಲಗೆ, ಅವಳ ಕೆನ್ನೆಯ ಕಡೆಗೆ ಬಂತು. ಅವಳು ಈ ಸಲ ಕತ್ತು ತೆಗೆಯಲಿಲ್ಲ. ಕಣ್ಣು ಮುಚ್ಚಿ ಕೂತಳು. ಮುಟ್ಟುತ್ತದೆ, ಈಗ ಮುಟ್ಟುತ್ತದೆ ಎಂದು ಕಾದಳು. ಕಣ್ಣು ತೆರೆದಾಗ ಕೈ ದಿನಾ ನಿಲ್ಲುವ ಆ ಗೇಣು ದೂರದಲ್ಲೇ, ಏನೂ ಇಲ್ಲದ ಕಡೆ ನಿಂತಿತ್ತು. ಬೆರಳುಗಳು ಅಲ್ಲೇ ಸ್ವಲ್ಪ ಹುಡುಕಾಡಿ, ವಾಪಸ್ಸು ಹೋಗಿ ಮಡಿಲಲ್ಲಿ ಕೂತವು.

“ನೋಡು, ಮತ್ತೆ ತಪ್ಪಿತು,” ಎಂದಳು ಅಮ್ಮ. “ಕಣ್ಣು ಹೋದ ಮೇಲೆ ಕೈಗೂ ದೂರ ತಿಳಿಯಲ್ಲ ಕಣೇ.”